ಸೊನ್ನೆ ಎಂದು ಬರೆದ ನೀರು

ಸಿಟ್ಟು ಬಂದರೆ ನಮ್ಮ ಮೇಡಂಗೆ ಕುತ್ತಿಗೆಯಿಂದ ಕೆಂಪು ಏರುತ್ತಿತ್ತು. ಮೊದಲು ಕರಿಮಣಿಯ ಕೆಳಗೆ ಒಂದು ಮಚ್ಚೆಯ ಹಾಗೆ ಕಾಣಿಸಿಕೊಂಡು ಗಲ್ಲಕ್ಕೆ ಹಬ್ಬಿ, ಕಡೆಗೆ ಕಿವಿಯ ತುದಿ ಮುಟ್ಟುತ್ತಿತ್ತು. ಕಿವಿ ಕೆಂಪಾದ ಮೇಲೆ ಆಫೀಸಿನಲ್ಲಿ ಯಾರೂ ಕುರ್ಚಿಯನ್ನು ಸಹ ಎಳೆಯುತ್ತಿರಲಿಲ್ಲ.

ಆಫೀಸು ಎಂದರೆ ಕುಂದಾಪುರದ ಹಳೇ ಬಸ್‌ಸ್ಟ್ಯಾಂಡಿನ ಹತ್ತಿರ, ಔಷಧಿ ಅಂಗಡಿಯ ಮೇಲಿನ ಎರಡು ಕೋಣೆ. ಮೇಡಂ ಮೊದಲು ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುತ್ತಿದ್ದವರು. ಅದನ್ನು ಬಿಟ್ಟು ಹೊಳೆ, ಸೇತುವೆ, ಕಿಂಡಿ ಅಣೆಕಟ್ಟುಗಳ ನೀರಿನ ಲೆಕ್ಕ ಮಾಡಿಕೊಡುವ ಕೆಲಸ ಹಿಡಿದಿದ್ದರು. ಇಂಥ ಮಳೆ ಬಂದರೆ, ಅದೇ ಹೊತ್ತಿಗೆ ಸಮುದ್ರದ ಉಬ್ಬರವೂ ಇದ್ದರೆ, ಯಾವ ಜಾಗದಲ್ಲಿ ನೀರು ಎಷ್ಟು ಏರುತ್ತದೆ ಎಂದು ಕಂಪ್ಯೂಟರಿನಲ್ಲಿ ಹೊಳೆಯನ್ನೇ ಹರಿಸಿ ನೋಡುವ ಸಿಮ್ಯುಲೇಶನ್. ನಾನು ಬೈಂದೂರಿನಿಂದ ದಿನಾ ಬಸ್ಸಿನಲ್ಲಿ ಬಂದು ಅವರ ಕೈಕೆಳಗೆ ಕೆಲಸ ಕಲಿತೆ.

ನಾನು ಮಾಡಿದ ಮೊದಲ ಲೆಕ್ಕ ಬ್ರಹ್ಮಾವರದ ಕಡೆಯ ಒಂದು ಕಿಂಡಿ ಅಣೆಕಟ್ಟಿನದು. ಸಾಫ್ಟ್‌ವೇರ್ ಕೊಟ್ಟ ಕೋಷ್ಟಕವನ್ನು ಹಾಗೇ ಪ್ರಿಂಟ್ ತೆಗೆದು ಅವರ ಮುಂದಿಟ್ಟೆ. ಮೇಡಂ ಒಂದು ಕಾಲಮ್ಮಿನ ತಲೆಬರಹದ ಮೇಲೆ ಬೆರಳಿಟ್ಟರು.

"ಎಂತದ್ ಹೆಣೆ ಇದ್? ಎಚ್ ಟೂ ಅಂದ್ರೆ ಎಂತ?" ನಮ್ಮ ಕಡೆ ಹುಡುಗಿಯರನ್ನು ಹೆಣೆ ಎಂದೇ ಕರೆಯುವುದು.

"ನೀರಿನ ಎತ್ತರ ಮೇಡಂ."

"ಎಲ್ಲಿಂದ ಎತ್ರ? ಸಮುದ್ರದಿಂದ್ಲಾ, ಹೊಳಿ ಅಡಿಯಿಂದ್ಲಾ, ಅವ್ರ ಜಗಲಿಯಿಂದ್ಲಾ? ಮೀಟರಾ, ಅಡಿಯಾ?"

"ಮೀಟರ್."

"ಅದನ್ನ್ ಯಾರ್ ಹೇಳ್ಕ್? ನೀನ್ ಎಲ್ಲರ್ ಮನಿಗೂ ಹೋಯಿ ಹೇಳ್ತ್ಯಾ?"

ಆಮೇಲೆ ಬೆರಳು ದಶಾಂಶದ ಮೇಲೆ ಬಂತು. ಬಿಂದುವಿನ ಆಚೆ ಸಾಲಾಗಿ ಅಂಕಿಗಳು ನಿಂತಿದ್ದವು. "ಇಷ್ಟೆಲ್ಲ ಎಂತಕೆ? ನಾವ್ ಹೊಳಿಗೆ ಇಳ್ಸಿದ್ ಕೋಲ್ ಮೇಲ್ ಸೆಂಟಿಮೀಟರ್ ಗೆರಿಯೇ ಸಮ ಕಾಂತಿಲ್ಲ. ಗೊತ್ತಿಲ್ದಿದ್ದನ್ನ ಗೊತ್ತಿತ್ತ್ ಅಂದೇಳಿ ಬರಿಯೂಕಾಗ."

ಅವತ್ತು ಮಧ್ಯಾಹ್ನದ ತನಕ ಪಕ್ಕದಲ್ಲಿ ಕೂತು ಕಲಿಸಿದರು. ಯಾವ ಕಾಲಮ್ಮಿಗೆ ಯಾವ ತಲೆಬರಹ, ಯಾವ ಸಂಖ್ಯೆಗೆ ಎಷ್ಟು ದಶಾಂಶ, ಇದನ್ನೆಲ್ಲ ಸಾಫ್ಟ್‌ವೇರಿಗೆ ನಾವೇ ಹೇಳಬಹುದು. ಹೆಚ್ಚಿನವರು ಹೇಳುವುದಿಲ್ಲ, ಬಂದದ್ದನ್ನು ಬಂದ ಹಾಗೆ ಅಂಟಿಸುತ್ತಾರೆ. ಮೇಡಂ ಲೆಕ್ಕಕ್ಕೆ ಕೊಟ್ಟಷ್ಟೇ ಹೊತ್ತನ್ನು ತಲೆಬರಹಕ್ಕೂ ಕೊಡುತ್ತಿದ್ದರು. ಅದನ್ನು ಓದಬೇಕಾದವರು ಎಂಜಿನಿಯರುಗಳಲ್ಲ, ಮನೆಯೊಳಗೆ ನೀರು ಬರುವವರು ಎನ್ನುವುದು ಅವರ ವಾದ.

ಹೆಮ್ಮಾಡಿಯ ಆಚೆ, ಹೊಳೆಯ ನಡುವೆ ಒಂದು ಕುದ್ರು, ಅಂದರೆ ಮನೆಗಳಿರುವ ನಡುಗಡ್ಡೆ. ಮಣ್ಣು ತುಂಬಿ ಎತ್ತರಿಸಿದ ಒಂದು ರಸ್ತೆ ಅದರ ಕೆಳಬದಿಯಲ್ಲಿ ಹೊಳೆಗೆ ಅಡ್ಡವಾಗಿ ಬರುವುದಿತ್ತು. ರಸ್ತೆ ಬಂದರೆ ಕುದ್ರುವಿನ ಮನೆಗಳಿಗೆ ನೀರು ಹೆಚ್ಚಾಗುತ್ತದೆಯೇ ಎಂದು ಲೆಕ್ಕ ಹಾಕಿಕೊಡಲು ಹೊರ ಊರಿನ ಒಂದು ಕನ್ಸಲ್ಟೆಂಟ್ ಕಂಪನಿ ನಮಗೆ ಹೇಳಿತು. ನಾವು ದೋಣಿಯಲ್ಲಿ ಹೋಗಿ ಒಂದೊಂದು ಮನೆಯ ಅಂಗಳ, ಜಗಲಿ ಅಳೆದೆವು. ಲೆಕ್ಕ ಮುಗಿದ ಮೇಲೆ ಮೇಡಂ ಕೋಷ್ಟಕ ಹಿಡಿದು ಮತ್ತೆ ಅಲ್ಲಿಗೇ ಹೋದರು. ಚಿಪ್ಪು ಹೆಕ್ಕಿ ಮಾರುವ ಒಬ್ಬ ಅಕ್ಕನ ಕೈಗೆ ಅದನ್ನು ಕೊಟ್ಟು, "ಓದ್ ಕಾಂಬ" ಎಂದರು.

ಅಕ್ಕ ಬೆರಳಿಟ್ಟು ಓದಿದಳು. "ರಸ್ತೆ ಕಟ್ಟಿದ ಮೇಲೆ ಅಂಗಳದಲ್ಲಿ ಹೆಚ್ಚಾಗುವ ನೀರು, ಸೆಂಟಿಮೀಟರ್." ತನ್ನ ಮನೆಯ ಸಾಲಿನಲ್ಲಿ ಮೂವತ್ತೆಂಟು ಎಂದಿತ್ತು. ಓದಿದವಳು ಜಗಲಿಯ ಕಡೆ ತಿರುಗಿ ನೋಡಿದಳು. ನೋಡುತ್ತಲೇ ಇದ್ದಳು.

"ಗೊತ್ತಾಯ್ತ್ ಅವ್ರಿಗೆ. ಇದನ್ನೇ ಕಳ್ಸ್" ಎಂದರು ಮೇಡಂ ನನಗೆ. ಕಂಪನಿಗೆ ಕಳಿಸಿದೆ.

ಊರಿನವರ ಅಭಿಪ್ರಾಯ ಕೇಳುವ ಸಭೆ ಶಾಲೆಯ ಹಾಲಿನಲ್ಲಿ ನಡೆಯಿತು. ಕಂಪನಿಯ ಎಂಜಿನಿಯರು ಪರದೆಯ ಮೇಲೆ ಕೋಷ್ಟಕ ತೋರಿಸಿದ. ಮನೆಗಳ ಸಾಲು ನಮ್ಮದೇ. ತಲೆಬರಹ ಮಾತ್ರ ನಮ್ಮದಲ್ಲ, ಅಲ್ಲಿ ಮೂರು ಇಂಗ್ಲಿಷ್ ಅಕ್ಷರಗಳಿದ್ದವು. ಕೆಳಗೆ ಸೊನ್ನೆ. ಅದರ ಕೆಳಗೆ ಸೊನ್ನೆ. ಪುಟದ ತುದಿಯವರೆಗೂ ಸೊನ್ನೆ.

"ನೋಡಿ, ಯಾವ ಮನೆಗೂ ಬದಲಾವಣೆ ಇಲ್ಲ. ನಾನು ಹೇಳ್ತಿಲ್ಲ, ಕಂಪ್ಯೂಟರೇ ಹೇಳ್ತಾ ಇದೆ" ಎಂದು ನಕ್ಕ.

ನಾನು ನಮ್ಮ ಪ್ರತಿಯನ್ನು ತೆಗೆದು ಪರದೆಯ ಜೊತೆ ಸಾಲು ಸಾಲಾಗಿ ಹೋಲಿಸಿದೆ. ಆಮೇಲೆ ಹೊಳೆಯಿತು. ಸೆಂಟಿಮೀಟರನ್ನು ಮೀಟರ್ ಮಾಡಿ, ದಶಾಂಶವನ್ನೇ ತೆಗೆದಿದ್ದರು. ಅರ್ಧ ಮೀಟರಿನೊಳಗೆ ಇದ್ದದ್ದೆಲ್ಲ ಸೊನ್ನೆಯಾಗಿತ್ತು. ಮುಂದಿನ ಬೆಂಚುಗಳಲ್ಲಿ ಕುದ್ರುವಿನವರು ಸಮಾಧಾನದ ಉಸಿರು ಬಿಟ್ಟು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದರು. ಇವತ್ತಿಗೂ ನನಗೆ ಸಿಟ್ಟು ಬರುವುದು ಆ ನಗುವನ್ನು ನೆನೆದರೆ.

ಮೇಡಂ ಎದ್ದರು. ಕಿವಿ ಕೆಂಪಾಗಿತ್ತು.

"ಹ್ವಾಯ್, ಅದ್ ನನ್ ಲೆಕ್ಕ. ನಾನ್ ಕೊಟ್ಟದ್ದ್ ಸೊನ್ನಿ ಅಲ್ಲ."

"ಮೇಡಂ, ನಾವು ಸಂಖ್ಯೆ ಬದಲಾಯಿಸಿಲ್ಲ. ಫಾರ್ಮ್ಯಾಟ್ ಅಷ್ಟೇ. ವರದಿ ಪೂರ್ತಿ ಒಂದೇ ಥರ ಇದ್ದರೆ ನೋಡೋಕೆ ಚೆಂದ ಅಂತ."

"ಚೆಂದ?"

ಚೀಲದಿಂದ ಅಳತೆ ಟೇಪು ತೆಗೆದು ವೇದಿಕೆ ಹತ್ತಿದರು. ಅವನ ಮುಂದೆ ಬಗ್ಗಿ, ನೆಲದಿಂದ ಟೇಪು ಎಳೆದು, ಅವನ ಇಸ್ತ್ರಿ ಮಾಡಿದ ಪ್ಯಾಂಟಿನ ಮೇಲೆ ಮೊಣಕಾಲಿನ ಕೆಳಗೆ, ಮೂವತ್ತೆಂಟರ ಗೆರೆಗೆ ಹೆಬ್ಬೆರಳು ಒತ್ತಿ ಹಿಡಿದರು.

"ಎಲ್ಲರೂ ಕಾಣಿ. ಇದ್ ಇವ್ರ ಸೊನ್ನಿ. ಈಗ್ಲೇ ಮಳಿ ಬಂದ್ರೆ ನಿಮ್ಮ್ ಅಂಗ್ಳಕ್ಕೆ ನೀರ್ ಬತ್ತ್. ಅದ್ರ್ ಮೇಲ್ ಇಷ್ಟ್ ಏರತ್ತ್. ನಿಮ್ಮ್ ಜಗಲಿ ಎಷ್ಟ್ ಎತ್ರ ಅಂದೇಳಿ ನಿಮ್ಗೇ ಗೊತ್ತಿತ್ತ್."

ಹಾಲಿನಲ್ಲಿ ನಗು ನಿಂತಿತು. ಮೊದಲು ಎದ್ದವಳು ಚಿಪ್ಪಿನ ಅಕ್ಕ. "ನಾನ್ ಓದಿದ್ದಿದ್ದೆ! ನನ್ ಮನಿಗೆ ಮೂವತ್ತೆಂಟ್!" ಎಂದು ಕೂಗಿದಳು. ಆಮೇಲೆ ಎಲ್ಲರೂ ಎದ್ದರು.

ವೇದಿಕೆಯ ಮೇಲಿದ್ದ ಅಧಿಕಾರಿಯೊಬ್ಬರು, "ಕೂತ್ಕೊಳ್ಳಿ ಮೇಡಂ, ಇಷ್ಟು ಸಿಟ್ಟು ಒಳ್ಳೇದಲ್ಲ" ಎಂದರು.

"ಇದಕ್ಕೆ ಸಿಟ್ಟ್ ಬರ್ದಿದ್ರೆ ಇನ್ನ್ ಯಾವ್ದಕ್ಕೆ ಬಪ್ಪುದ್ ಮಾರ್ರೆ?"

ಕುದ್ರುವಿನವರು ಆ ರಸ್ತೆಗೆ ಒಪ್ಪಲಿಲ್ಲ. ಕೆಲವು ತಿಂಗಳ ಮೇಲೆ ನಕ್ಷೆ ಬದಲಾಯಿತು. ಮಣ್ಣು ತುಂಬುವ ಕಡೆ ಕಂಬ ನಿಲ್ಲಿಸಿ, ಅಡಿಯಲ್ಲಿ ನೀರಿಗೆ ದಾರಿ ಬಿಟ್ಟರು. ಆ ಲೆಕ್ಕವನ್ನೂ ಮೇಡಂ ಯಾರೂ ಕೇಳದಿದ್ದರೂ ಮಾಡಿ ಕಂಪನಿಗೆ ಕೊಟ್ಟರು. ಅಕ್ಕನ ಅಂಗಳದಲ್ಲಿ ಐದು ಸೆಂಟಿಮೀಟರ್ ಬಂತು. "ಇದು ಸೊನ್ನೆಯೇ ಅಲ್ವಾ ಮೇಡಂ?" ಎಂದು ನಾನು ಖುಷಿಯಲ್ಲಿ ಅಂದೆ. "ಐದ್ ಅಂದ್ರೆ ಐದೇ" ಎಂದು ಗದರಿದರು.

ಮುದ್ರಣವಾಗಿ ಬಂದ ಕಂಪನಿಯ ವರದಿಯಲ್ಲಿ ನಮ್ಮ ಆಫೀಸಿನ ಹೆಸರಿರಲಿಲ್ಲ. ನಾನು ಕುದಿದುಹೋದೆ. ಮೇಡಂ ನೇರ ಕೋಷ್ಟಕದ ಪುಟ ತೆಗೆದು ತಲೆಬರಹ ನೋಡಿದರು. ಕನ್ನಡದಲ್ಲೇ ಇತ್ತು, ಸೆಂಟಿಮೀಟರಿನಲ್ಲೇ ಇತ್ತು. "ಹೆಸ್ರ್ ಹೋಯ್ಲಿ" ಎಂದು ಮುಚ್ಚಿಟ್ಟರು. ಆದರೆ ಹೋದದ್ದು ಹೆಸರೊಂದೇ ಅಲ್ಲ. ಆ ಕಂಪನಿ ಮತ್ತೆ ಕರೆಯಲಿಲ್ಲ, ಅವರನ್ನು ನೋಡಿ ಬೇರೆಯವರೂ ಕರೆಯಲಿಲ್ಲ. ಆ ಹೆಂಗಸಿಗೆ ತಲೆ ಸಮ ಇಲ್ಲ ಎಂಬ ಮಾತು ಆಫೀಸಿನಿಂದ ಆಫೀಸಿಗೆ ಹೋಯಿತು. ಹೊಳೆಯ ಲೆಕ್ಕ ಅಷ್ಟು ಚೆನ್ನಾಗಿ ಬಲ್ಲವರು ಕೊನೆಕೊನೆಗೆ ಮನೆಗಳ ಪ್ಲ್ಯಾನು ಬರೆದುಕೊಂಡು ಕೂರಬೇಕಾಯಿತು.

ಕಾಯಿಲೆ ಬಂದಾಗಲೂ ಅವರು ಬದಲಾಗಲಿಲ್ಲ. ಆಸ್ಪತ್ರೆಯಲ್ಲಿ ನಾನು ಪಕ್ಕದಲ್ಲಿದ್ದೆ. ಡಾಕ್ಟರು ರಿಪೋರ್ಟು ನೋಡಿ "ಸ್ವಲ್ಪ ಹೆಚ್ಚಿದೆ" ಎಂದರು. "ಸ್ವಲ್ಪ ಅಂದ್ರೆ ಎಷ್ಟ್ ಮಾರ್ರೆ? ಇಪ್ಕಾದ್ದ್ ಎಷ್ಟ್?" ಎಂದು ಕೇಳಿದರು ಮೇಡಂ. ಡಾಕ್ಟರು ಇರುವುದು, ಇರಬೇಕಾದದ್ದು ಎರಡೂ ಸಂಖ್ಯೆ ಹೇಳಿದರು. ಮೇಡಂ ಅವನ್ನು ರಿಪೋರ್ಟಿನ ಅಂಚಿನಲ್ಲಿ ಬರೆದುಕೊಂಡು, "ಸಮ. ಈಗ ಗೊತ್ತಾಯ್ತ್" ಎಂದರು. ಮುಂದಿನ ಮಳೆಗಾಲವನ್ನು ಅವರು ಕಾಣಲಿಲ್ಲ.

ಶ್ರದ್ಧಾಂಜಲಿ ಸಭೆಗೆ ಆ ಕಂಪನಿಯ ಎಂಜಿನಿಯರೂ ಬಂದಿದ್ದ. ಮೈಕಿನ ಮುಂದೆ ನಿಂತು, "ತುಂಬಾ ಮೃದು ಸ್ವಭಾವದವರು. ಎಲ್ಲರ ಜೊತೆ ಹೊಂದಿಕೊಂಡು ಹೋಗುತ್ತಿದ್ದರು. ಕುದ್ರುವಿನ ಯೋಜನೆಯಲ್ಲಿ ನಮಗೆ ಬಹಳ ಸಹಕಾರ ಕೊಟ್ಟರು" ಎಂದ.

ಬದುಕಿದ್ದಾಗ ಅವರ ಲೆಕ್ಕವನ್ನು ಅಳಿಸಿದವನು ಈಗ ಅವರ ಸಿಟ್ಟನ್ನೂ ಅಳಿಸುತ್ತಿದ್ದ. ನಾನು ಎದ್ದೆ.

"ಸುಳ್ಳ್. ಅವ್ರಿಗೆ ನಿಮ್ಮ್ ಮೇಲ್ ಸಿಟ್ಟಿದ್ದಿತ್ತ್. ಸಾಯು ತನ್ಕ ಇದ್ದಿತ್ತ್."

ಯಾರೋ "ಇದು ಅದಕ್ಕೆ ಜಾಗ ಅಲ್ಲ" ಎಂದು ನನ್ನ ಸೆರಗು ಹಿಡಿದೆಳೆದರು. ಪಕ್ಕದಲ್ಲಿದ್ದ ಚಿಪ್ಪಿನ ಅಕ್ಕ ಆ ಕೈಯನ್ನು ಬಿಡಿಸಿದಳು. "ಹೇಳ್ ಹೆಣೆ, ಪೂರಾ ಹೇಳ್" ಎಂದಳು.

ನಾನು ಹೇಳಿದೆ. ಯಾವ ಮನೆಗೆ ಎಷ್ಟು ಸೆಂಟಿಮೀಟರ್ ಇತ್ತು, ಅದು ಸೊನ್ನೆಯಾದದ್ದು ಹೇಗೆ, ಮಾಡಿದವರು ಯಾರು, ಎಲ್ಲವನ್ನೂ. ಅವನು ತಲೆ ತಗ್ಗಿಸಲಿಲ್ಲ, ಗಡಿಯಾರ ನೋಡಿಕೊಂಡ. ನೋಡಿಕೊಳ್ಳಲಿ. ಕೊನೆಯ ಮನೆಯ ಲೆಕ್ಕ ಹೇಳುವ ತನಕ ನಾನು ಕೂರಲಿಲ್ಲ.