ಮೂರು ಮುಳ್ಳಿನ ಗಾಳ

ಶಿವಪ್ರಸಾದ ಮೊದಲ ರಾಡನ್ನು ಮೊಣಕಾಲಿಗೆ ಕೊಟ್ಟು ಮುರಿದ. ಮೀನು ಹಿಡಿಯುವ ಏಳಡಿಯ ಗ್ರಾಫೈಟ್ ರಾಡು ಕಟ್ಟಿಗೆಯಂತೆ ಎರಡು ತುಂಡಾಗುವುದಿಲ್ಲ, ಸಿಡಿದು ಸೀಳುತ್ತದೆ. ಅದರ ಕರಿ ಸೂಜಿಯಂಥ ಎಳೆಗಳು ಪ್ಯಾಂಟು ದಾಟಿ ಅವನ ತೊಡೆಗೆ ಚುಚ್ಚಿಕೊಂಡವು. ಆ ಸಿಟ್ಟಿಗೆ ಕೈಯಲ್ಲುಳಿದ ತುಂಡಿನಿಂದಲೇ ಹೆಂಡತಿಯ ಬೆನ್ನಿಗೆ ನಾಲ್ಕು ಬಿಗಿದ. ಆಮೇಲೆ ಮಹಡಿ ಹತ್ತಿ ಹೋಗಿ, ಶರ್ಟು ಬದಲಿಸಿ, ಆಫೀಸಿನ ಮೀಟಿಂಗಿಗೆ ಲ್ಯಾಪ್‌ಟಾಪು ತೆರೆದು ಕೂತ. ಅವನು ನಗುನಗುತ್ತ ಮಾತಾಡುವುದು ಕೆಳಗಿನ ಗರಾಜಿಗೂ ಕೇಳಿಸುತ್ತಿತ್ತು. ಆರತಿ ಸಿಮೆಂಟು ನೆಲದ ಮೇಲೆ ಕೂತು, ಮುರಿದ ರಾಡಿನಿಂದ ದಾರ ಹಾಯುವ ಉಂಗುರಗಳನ್ನು ಬ್ಲೇಡಿನಿಂದ ಒಂದೊಂದಾಗಿ ಬಿಡಿಸಿಕೊಂಡಳು. ಉಂಗುರಗಳಿಗೆ ಏನೂ ಆಗಿರಲಿಲ್ಲ. ಇನ್ನೊಂದು ರಾಡಿಗೆ ಬರುತ್ತಿದ್ದವು.

ಆರತಿ ಹುಬ್ಬಳ್ಳಿಯವಳು. ಅವಳ ತಂದೆ ದುರ್ಗದಬೈಲಿನ ಓಣಿಯೊಂದರಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದರು. ಸಣ್ಣ ಸ್ಕ್ರೂ, ಸ್ಪ್ರಿಂಗು, ಒಂದೇ ತೊಟ್ಟು ಎಣ್ಣೆ, ಇವುಗಳ ಜೊತೆಗೇ ಬೆಳೆದವಳು ಮುಂದೆ ಎಂಜಿನಿಯರಿಂಗ್ ಓದಿ, ಮದುವೆಯಾಗಿ, ಕಡಲಾಚೆಯ ಸ್ಯಾನ್ ರಮೋನಿಗೆ ಬಂದಳು. ಹತ್ತಿರದ ನೆವಾರ್ಕಿನ ಲ್ಯಾಬೊಂದರಲ್ಲಿ ಬ್ಯಾಟರಿ ಪರೀಕ್ಷಿಸುವ ಕೆಲಸ ಸಿಕ್ಕಿತು. ಗಂಡ ಗದಗಿನವನು, ಸಾಫ್ಟ್‌ವೇರ್ ತಂಡವೊಂದರ ಮ್ಯಾನೇಜರು, ಕನ್ನಡ ಕೂಟದ ಕಾರ್ಯಕ್ರಮಗಳಲ್ಲಿ ಮೈಕು ಹಿಡಿಯುವವನು. ಮಗಳು ನಿಸರ್ಗಾಳಿಗೆ ಈಗ ಹದಿನೈದು. ಮಾವ ತೀರಿಕೊಂಡ ಮೇಲೆ, ಆರು ವರ್ಷದ ಹಿಂದೆ, ಅತ್ತೆ ಈರವ್ವನೂ ಬಂದು ಜೊತೆಗಿದ್ದರು.

ಶಿವಪ್ರಸಾದ ಹನ್ನೆರಡು ವರ್ಷಗಳಿಂದ ಹೊಡೆಯುತ್ತಿದ್ದ. ಒಂದು ದವಡೆ ಹಲ್ಲು ಹೋಗಿತ್ತು. ಒಂದು ಪಕ್ಕೆಲುಬು ಸೀಳಿ ತಾನಾಗಿಯೇ ಕೂಡಿಕೊಂಡಿತ್ತು. ಎಡಗಿವಿ ಮಂದವಾಗಿತ್ತು. ವಾರದ ನಡುವೆ ಅವನು ಮುಖಕ್ಕೆ ಕೈ ಹಾಕುತ್ತಿರಲಿಲ್ಲ. ಶುಕ್ರವಾರ ಹೊಡೆದರೆ ಸೋಮವಾರದ ಹೊತ್ತಿಗೆ ಬಾವು ಇಳಿಯುತ್ತದೆಂದು ಅವನಿಗೆ ಗೊತ್ತಿತ್ತು. ಲ್ಯಾಬಿನಲ್ಲಿ ಅವಳ ಪಕ್ಕದ ಬೆಂಚಿನ ಸ್ನೇಹಲ್‌ಗೆ ಮಾತ್ರ ಅನುಮಾನವಿತ್ತು. ಬೆಳಗಾವಿಯ ಆ ಮರಾಠಿ ಹೆಣ್ಣುಮಗಳು ಪ್ರಶ್ನೆ ಕೇಳುವ ಬದಲು ಒಂದು ಶನಿವಾರ ಅವಳನ್ನು ಕಾರಿಗೆ ಹತ್ತಿಸಿಕೊಂಡು ಶಾಬೋ ಕೆರೆಗೆ ಕರೆದೊಯ್ದು, ಕೈಗೊಂದು ರಾಡು ಕೊಟ್ಟಳು.

ಆವತ್ತು ಸಿಕ್ಕ ಬಾಸ್ ಮೀನು ಎರಡು ಪೌಂಡು ಇತ್ತೋ ಇಲ್ಲವೋ. ಅದು ನೀರಿನಿಂದ ಮೇಲಕ್ಕೆ ಹಾರಿ, ಬಾಯಿ ತೆರೆದು ತಲೆ ಒದರಿದ ರಭಸಕ್ಕೆ ಆರತಿಯ ಮೊಣಕೈವರೆಗೆ ನಡುಕ ಬಂತು. ಬಿಡಿಸಿ ನೀರಿಗೆ ಬಿಟ್ಟಾಗ ಬಾಲದಿಂದ ಮುಖಕ್ಕೆ ನೀರೆರಚಿ ಹೋಯಿತು. ಮುಂದಿನ ಶನಿವಾರವೂ ಅವಳು ಹೋದಳು. ಆಮೇಲೆ ಬಿಡಲಿಲ್ಲ.

ಗರಾಜಿನ ಒಂದು ಗೋಡೆ ಅವಳದಾಯಿತು. ರಾಡುಗಳನ್ನು ಮೂಲೆಗೆ ಒರಗಿಸಿದರೆ ಬಾಗುತ್ತವೆಂದು ಮರದ ಚೌಕಟ್ಟು ಮಾಡಿ ನೆಟ್ಟಗೆ ನಿಲ್ಲಿಸಿದಳು. ಉಂಗುರಗಳೊಳಗೆ ಹತ್ತಿ ಎಳೆದು, ಎಳೆ ಸಿಕ್ಕಿಕೊಂಡ ಕಡೆ ಬಿರುಕು ಹುಡುಕುತ್ತಿದ್ದಳು. ನದಿ ಕಡಲು ಸೇರುವ ಡೆಲ್ಟಾದ ಉಪ್ಪು ಬೆರೆತ ನೀರಿನಿಂದ ಬಂದ ದಿನ ದಾರ ಸುತ್ತುವ ರೀಲುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಬೇರಿಂಗಿಗೆ ಒಂದು ತೊಟ್ಟು ಎಣ್ಣೆ, ಗೇರಿಗೆ ಬೆರಳ ತುದಿಯಷ್ಟು ಗ್ರೀಸು ಹಚ್ಚಿ, ಬಿಗಿ ಸಡಿಲಿಸಿ ಇಡುತ್ತಿದ್ದಳು. ಒದ್ದೆ ಗಾಳವನ್ನು ಡಬ್ಬಿಗೆ ಹಾಕಿದರೆ ಪಕ್ಕದ್ದಕ್ಕೂ ತುಕ್ಕು ಹತ್ತುತ್ತದೆ. ಗಾಳಕ್ಕೆ ಆಮಿಷವಾಗಿ ಸಿಕ್ಕಿಸುವ ಮೆತ್ತನೆಯ ರಬ್ಬರು ಹುಳುಗಳನ್ನು ಬೇರೆ ಬೇರೆ ಚೀಲದಲ್ಲೇ ಇಡಬೇಕು, ಒಟ್ಟಿಗಿಟ್ಟರೆ ಒಂದನ್ನೊಂದು ಕರಗಿಸುತ್ತವೆ. ಆ ಚೀಲಗಳನ್ನು ವಿಂಗಡಿಸುವಾಗ ಈರವ್ವ ಬಂದು ಮಡಚುವ ಕುರ್ಚಿಯಲ್ಲಿ ಕೂತುಕೊಳ್ಳುವುದು ರೂಢಿಯಾಯಿತು.

"ಇದೇನವ್ವಾ, ಬಡೆಸೋಪಿನ ವಾಸನಿ ಬರಾಕತ್ತದಲ್ಲ?"

"ಮೀನಿಗೆ ಸೇರತದಂತ ಹಾಕಿರತಾರ್ರಿ ಅತ್ತಿ."

"ಹಿಡದು ಮತ್ತ ನೀರಿಗೇ ಬಿಡತೀಯಂತ. ಹಂಗಾರ ಹಿಡಿಯೂದ್ಯಾಕ?"

"ಅದು ಎಳಿಯೂ ಮುಂದ ನಾನೂ ಎಳೀಬೇಕ್ರಿ. ಅಷ್ಟೊತ್ತು ತಲ್ಯಾಗ ಬ್ಯಾರೆ ಏನೂ ಇರೂದಿಲ್ಲ."

ಈರವ್ವ ಒಂದು ಚೀಲ ತೆಗೆದುಕೊಂಡು, ಬೀಜ ಆರಿಸುವ ಕೈಯಲ್ಲಿ ಹಸಿರು ಹುಳುಗಳನ್ನು ಒಂದು ಕಡೆ, ಕಪ್ಪನ್ನು ಒಂದು ಕಡೆ ಮಾಡತೊಡಗಿದರು. ಮಗ ಸೊಸೆಗೆ ಹೊಡೆಯುವುದು ಅವರಿಗೆ ಗೊತ್ತಿತ್ತು. ಗೋಡೆಯಾಚೆಯಿಂದ ಶಬ್ದ ಬಂದಾಗಲೆಲ್ಲ ಅವರು ಟೀವಿಯ ದನಿ ಏರಿಸುತ್ತಿದ್ದರು. ಅದರ ಬಗ್ಗೆ ಇಬ್ಬರೂ ಒಂದು ಮಾತೂ ಆಡಿರಲಿಲ್ಲ.

ಮೊದಲ ರಾಡು ಮುರಿದ ಮೇಲೆ ಶಿವಪ್ರಸಾದನಿಗೆ ಅವಳನ್ನು ನೋಯಿಸುವ ಹೊಸ ದಾರಿ ಸಿಕ್ಕಂತಾಯಿತು. ಒಂದು ರೀಲನ್ನು ಡ್ರೈವ್‌ವೇಯಲ್ಲಿಟ್ಟು ಅದರ ಮೇಲೆ ಕಾರು ಹಾಯಿಸಿದ. ಇನ್ನೊಮ್ಮೆ ದಾರದ ಸುರುಳಿಯನ್ನು ಅವಳ ಕುತ್ತಿಗೆಗೆ ಸುತ್ತಿ, "ಇದು ಎಷ್ಟು ಪೌಂಡ್ ತಡೀತದ ಹೇಳು" ಎಂದು ಬಿಗಿದ. ಹೆಣೆದ ದಾರ ಅದು, ಚರ್ಮ ಕೊಯ್ಯುತ್ತದೆ. ಕೆಂಪು ಗೆರೆ ಮುಚ್ಚಲು ಅವಳು ಹದಿನೈದು ದಿನ ಸ್ಕಾರ್ಫು ಕಟ್ಟಿಕೊಂಡು ಓಡಾಡಿದಳು. ಸ್ನೇಹಲ್ ಸ್ಕಾರ್ಫು ಸರಿಸಿ ನೋಡಿ, ಹೊಡೆತ ತಿನ್ನುವ ಹೆಂಗಸರಿಗೆ ನೆರವಾಗುವವರ ಫೋನ್ ನಂಬರು ಬರೆದುಕೊಟ್ಟಳು. ಆರತಿ ಅದನ್ನು ರೀಲಿನ ಡಬ್ಬಿಯ ಮುಚ್ಚಳದೊಳಗೆ ಅಂಟಿಸಿದಳು, ಫೋನು ಮಾಡಲಿಲ್ಲ.

ಏಪ್ರಿಲ್ ತಿಂಗಳ ಎರಡನೇ ಶನಿವಾರ, ಮಧ್ಯಾಹ್ನ. ಮರುದಿನ ಡೆಲ್ಟಾದಲ್ಲಿ ಮೀನು ಹಿಡಿಯುವವರ ಕ್ಲಬ್ಬಿನ ಸ್ಪರ್ಧೆ. ಸ್ನೇಹಲ್‌ಳ ದೋಣಿಯಲ್ಲಿ ಆರತಿಗೂ ಜಾಗವಿತ್ತು. ಅವಳು ಬೇಟೊಂದಕ್ಕೆ, ಮೀನಿನಾಕಾರದ ಮರದ ಆಮಿಷಕ್ಕೆ, ಹಳೆಯ ಗಾಳ ತೆಗೆದು ಹೊಸದನ್ನು ಹಾಕುತ್ತಿದ್ದಳು. ಹೊಟ್ಟೆಯ ಕೆಳಗೊಂದು, ಬಾಲಕ್ಕೊಂದು, ಎರಡೂ ಮೂರು ಮುಳ್ಳಿನವು. ಪ್ರತಿ ಮುಳ್ಳನ್ನೂ ಹೆಬ್ಬೆರಳ ಉಗುರಿನ ಮೇಲೆ ಎಳೆದು ನೋಡಿದಳು. ಜಾರಿದರೆ ಮೊಂಡು, ಗೀರಿದರೆ ಚೂಪು. ಆರೂ ಗೀರಿದವು. ಈರವ್ವ ಕುರ್ಚಿಯಲ್ಲಿದ್ದರು. ನಿಸರ್ಗಾ ಒಳಗಿನ ಲಾಂಡ್ರಿ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದಳು.

ಶಿವಪ್ರಸಾದ ಬಾಗಿಲು ತೆಗೆದು ನಿಂತ.

"ನಾಳೆ ಕೂಟದ ಪಾಟ್‌ಲಕ್ ಊಟ ಅದ. ನೀ ಎಲ್ಲಿ ಹೊಂಟಿ?"

"ತಿಂಗಳ ಹಿಂದನ ಹೇಳಿದ್ನಲ್ರಿ."

"ನಮ್ಮ ಮನಿ ಸೊಸಿ ಮೀನ ಹಿಡಿತಾಳಂತ ಮಂದಿ ನನ್ನ ನೋಡಿ ನಗಬೇಕೇನು?"

ಅವಳು ಬೇಟನ್ನು ತೆರೆದ ಡಬ್ಬಿಯಲ್ಲಿಟ್ಟಳು. ಅವನು ಗೋಡೆಗೆ ನೇತುಹಾಕಿದ್ದ ಸುತ್ತಿಗೆ ತೆಗೆದುಕೊಂಡ. ಮೊದಲು ರೀಲುಗಳು. ಒಂದೊಂದಕ್ಕೂ ಎರಡೇಟು. ಗೇರಿನ ಹಲ್ಲುಗಳು ಕಾರಿನ ಕೆಳಗೆಲ್ಲ ಚೆಲ್ಲಿದವು. ಆಮೇಲೆ ರಾಡಿನ ಚೌಕಟ್ಟಿಗೆ ಬೀಸಿದ, ಅದರಲ್ಲಿದ್ದ ಆರೂ ರಾಡು ಒಟ್ಟಿಗೆ ಸಿಡಿದವು. ಕೊನೆಗೆ ಸುತ್ತಿಗೆ ಕೆಳಗೆ ಹಾಕಿ, ತೆರೆದ ಡಬ್ಬಿಯನ್ನು ಎರಡೂ ಕೈಯಲ್ಲೆತ್ತಿ ಅವಳ ಮುಖಕ್ಕೆ ಎಸೆದ.

ಅವಳು ಎಡಗೈ ಅಡ್ಡ ಹಿಡಿದಳು. ಡಬ್ಬಿಯ ಮೂಲೆ ಹಣೆಗೆ ಬಡಿದು ಚರ್ಮ ಬಿಚ್ಚಿತು. ಬೇಟುಗಳು ಮಳೆಯಂತೆ ಉದುರಿದವು. ಹೊಸ ಗಾಳ ಹಾಕಿದ್ದ ಆ ಬೇಟು ಮಾತ್ರ ಉದುರಲಿಲ್ಲ. ಹೊಟ್ಟೆಯ ಗಾಳ ಅವಳ ಮುಂಗೈಯ ಒಳಭಾಗದಲ್ಲಿ ಕಚ್ಚಿ ತೂಗುತ್ತಿತ್ತು.

ಅವನು ನೋಡಲಿಲ್ಲ. ಅದೇ ಕೈಯನ್ನು ಹಿಡಿದು ಅವಳನ್ನು ತನ್ನತ್ತ ಸೆಳೆದ, ಅವನ ಬಲ ಅಂಗೈ ಬೇಟಿನ ಮೇಲೆಯೇ ಬಿಗಿಯಿತು. ಬಾಲದ ಗಾಳ ಅವನ ಹೆಬ್ಬೆರಳ ಬುಡದ ದಪ್ಪ ಮಾಂಸದಲ್ಲಿ ಹಿಮ್ಮುಳ್ಳಿನವರೆಗೆ ಇಳಿಯಿತು.

ಅವನ ಕೂಗಿಗೆ ಈರವ್ವ ಎದ್ದು ನಿಂತರು. ನಾಲ್ಕಿಂಚು ಉದ್ದದ ಮರದ ಮೀನು ಗಂಡಹೆಂಡಿರ ನಡುವೆ. ಒಂದು ತುದಿ ಅವಳ ಕೈಗೆ, ಇನ್ನೊಂದು ಅವನ ಕೈಗೆ. ಅವನು ಬಿಡಿಸಿಕೊಳ್ಳಲು ಎಳೆದ, ಗಾಳ ಇನ್ನಷ್ಟು ಇಳಿಯಿತು. "ಬಿಡು, ಬಿಡು" ಎನ್ನುತ್ತ ಎಡಗೈ ಮುಷ್ಟಿಯಿಂದ ಅವಳ ಕೆನ್ನೆಗೆ, ಕಿವಿಗೆ, ಬಾಯಿಗೆ ಗುದ್ದತೊಡಗಿದ. ಪ್ರತಿ ಗುದ್ದಿಗೂ ಅವನ ಬಲಗೈಯೇ ಜಗ್ಗಿ ಅವನೇ ಅರಚುತ್ತಿದ್ದ, ಅರಚಿ ಮತ್ತೆ ಗುದ್ದುತ್ತಿದ್ದ. ಆರತಿಯ ತುಟಿ ಒಡೆದು ರಕ್ತ ಗಂಟಲಿಗೆ ಇಳಿಯಿತು.

ಗಾಳ ಮೈಗೆ ಹೊಕ್ಕರೆ ಏನು ಮಾಡಬೇಕೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಎಳೆಯಬಾರದು. ಕೈ ಅಲುಗಿಸದೆ, ಇಕ್ಕಳದಿಂದ ಮುಳ್ಳಿನ ಕಾಲು ಕತ್ತರಿಸಬೇಕು. ಇಕ್ಕಳ ಬೆಂಚಿನ ಮೇಲೆ ಬಲಗೈಗೆ ಸಿಗುವಷ್ಟು ಹತ್ತಿರವಿತ್ತು. ಅವಳು ಅದನ್ನು ನೋಡಿದಳು. ಆಮೇಲೆ ಅವನ ಅಂಗೈಯನ್ನು ನೋಡಿದಳು. ಎರಡು ಹೆಜ್ಜೆ ಹಿಂದೆ ಸರಿದು, ಕಾಲೂರಿ, ಸೊಂಟ ತಿರುಗಿಸಿ, ಮೈಯ ಬಲವನ್ನೆಲ್ಲ ಹಾಕಿ ಎಡಗೈಯನ್ನು ಹಿಂದಕ್ಕೆ ಎಳೆದಳು.

ಅವಳ ಮುಂಗೈಯಿಂದ ಬೆರಳುದ್ದದ ಚರ್ಮ ಕಿತ್ತು ಬಂತು. ಅವನ ಅಂಗೈ ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನತ್ತ ಸೀಳಿತು. ಶಿವಪ್ರಸಾದ ಮೊಣಕಾಲೂರಿ ಕುಸಿದ.

ಆಮೇಲೆ ಅವನು ಎಡಗೈಯಲ್ಲಿ ಸುತ್ತಿಗೆ ಹುಡುಕಿ ಹಿಡಿದುಕೊಂಡು ಎದ್ದ. ಬಲಗೈಯಲ್ಲಿ ಬೇಟು ಇನ್ನೂ ತೂಗುತ್ತಿತ್ತು.

ಈರವ್ವ ನಡುವೆ ಬಂದರು. ಎಪ್ಪತ್ತೆರಡರ ಜೀವ, ಮಗನ ಎದೆಮಟ್ಟಕ್ಕೂ ಬರುತ್ತಿರಲಿಲ್ಲ.

"ಪ್ರಸಾದಾ, ಸಾಕು. ಹಾಕದನ್ನ ಕೆಳಗ."

"ಸರಿ ಅವ್ವಾ ಅತ್ಲಾಗ."

"ಸರಿಯಂಗಿಲ್ಲ."

ಅವನು ಬೀಸಿದ್ದು ಆರತಿಯ ತಲೆಗೆ. ತಾಯಿ ಎತ್ತಿದ ಕೈಗೆ ಬಿತ್ತು. ಮಣಿಕಟ್ಟಿನ ಮೂಳೆ ಮುರಿದ ಸದ್ದು ಆರತಿಗೆ ಮಂದವಾದ ಕಿವಿಯಲ್ಲೂ ಕೇಳಿಸಿತು. ಈರವ್ವ ಕಾರಿಗೆ ಒರಗಿ ಹಾಗೇ ಜಾರಿ ಕೂತರು. ಸುತ್ತಿಗೆ ಅವನ ಕೈಯಿಂದ ತಾನಾಗಿ ಬಿತ್ತು. "ಅವ್ವಾ, ನಿನಗಲ್ಲವ್ವಾ, ನಿನಗಲ್ಲ" ಎಂದು ಅವನು ತೊದಲುತ್ತ ನಿಂತ. ಲಾಂಡ್ರಿ ಕೋಣೆಯ ಬಾಗಿಲಲ್ಲಿ ನಿಸರ್ಗಾ ಫೋನನ್ನು ಎದೆಗೊತ್ತಿ ಹಿಡಿದಿದ್ದಳು.

"ಐ ಕಾಲ್ಡ್ ದ ಪೊಲೀಸ್, ಅಮ್ಮಾ. ದೆ ಆರ್ ಆನ್ ದೇರ್ ವೇ."

ಆರತಿ ಗುಂಡಿ ಒತ್ತಿ ಗರಾಜಿನ ದೊಡ್ಡ ಬಾಗಿಲು ಮೇಲೆತ್ತಿದಳು. ಬಿಸಿಲು ಒಳಗೆ ಬಂತು. ಎದುರುಮನೆಯವರು ಹುಲ್ಲು ಕತ್ತರಿಸುವುದನ್ನು ನಿಲ್ಲಿಸಿ ನೋಡಿದರು. ಹನ್ನೆರಡು ವರ್ಷ ಮುಚ್ಚಿಟ್ಟಿದ್ದನ್ನು ಅವಳು ಹಾಗೆ ಬೀದಿಗೆ ತೆರೆದಿಟ್ಟು, ಅತ್ತೆಯ ಪಕ್ಕ ನೆಲದ ಮೇಲೆ ಕೂತು, ಮುರಿದ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

ಪೊಲೀಸರು ಬಂದಾಗ ಶಿವಪ್ರಸಾದ ಒಳ್ಳೆಯ ಇಂಗ್ಲಿಷಿನಲ್ಲಿ ಮಾತಾಡಿದ. ಹೆಂಡತಿಗೆ ತಲೆ ಸರಿಯಿಲ್ಲ, ಗಾಳದಿಂದ ತನ್ನ ಮೇಲೆ ದಾಳಿ ಮಾಡಿದಳು, ತಾಯಿ ಕಾಲುಜಾರಿ ಬಿದ್ದರು ಎಂದ. ಆಸ್ಪತ್ರೆಯಲ್ಲಿ ಈರವ್ವನನ್ನು ಕೇಳಲು ಪೊಲೀಸ್ ಅಧಿಕಾರಿ ಫೋನಿನಲ್ಲಿ ದುಭಾಷಿಯನ್ನು ಹಿಡಿದಳು. ಆ ಕಡೆಯ ಹುಡುಗಿಯದು ಬೆಂಗಳೂರು ಕನ್ನಡ.

"ಅಜ್ಜಿ, ನೀವು ಬಿದ್ರಾ, ಇಲ್ಲ ಯಾರಾದ್ರೂ ಹೊಡೆದ್ರಾ?"

"ಬಡದಾನ. ನನ್ನ ಮಗಾನ ಬಡದಾನ."

"ಇವತ್ತು ಮಾತ್ರಾನಾ ಅಜ್ಜಿ?"

"ನನಗ ಇವತ್ತ. ನನ್ನ ಸೊಸಿಗೆ ಭಾಳ ವರ್ಷದಿಂದ. ನಾ ಈ ಮನಿಗೆ ಬಂದ ಆರ ವರ್ಷ ಆತು, ಕಿವಿಲೆ ಕೇಳೇನಿ. ಕೇಳಿ ಸುಮ್ನ ಕುಂತಿದ್ದೆ. ಅದನೂ ಬರಕೋ ಅಂತ ಹೇಳವ್ವಾ ಆ ಪೊಲೀಸ್ ಹೆಣ್ಣಮಗಳಿಗೆ."

ಹುಡುಗಿ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದಳು.

ಶಿವಪ್ರಸಾದನನ್ನು ಆವತ್ತೇ ಕರೆದೊಯ್ದರು. ಮೇ ತಿಂಗಳಲ್ಲಿ ಮಾರ್ಟಿನೆಜಿನ ಕೋರ್ಟಿನಲ್ಲಿ ಅವನು ತನ್ನ ಹತ್ತಿರ ಬರದಂತೆ ಆದೇಶ ಕೋರಿದ್ದ ಆರತಿ ಸಾಕ್ಷಿ ಹೇಳಬೇಕಾಯಿತು. ಅವಳ ವಕೀಲೆ ಊರ್ಮಿಳಾ ಮೊದಲೇ ಎಚ್ಚರಿಸಿದ್ದಳು: "ಕೈ ಎಳೆದುಕೊಂಡಿದ್ದು ಗಾಬರೀಲಿ ಆಗಿದ್ದು ಅಂದ್ರೆ ಸಾಕು. ಹೆಚ್ಚಿಗೆ ಬೇಡ." ಗಂಡನ ಪರ ವಕೀಲ ಹರಿದ ಅಂಗೈಯ ಫೋಟೋ ಹಿಡಿದು, ಇದು ಆಕಸ್ಮಿಕವೇ ಎಂದು ಕೇಳಿದ. ಶಿವಪ್ರಸಾದ ಅಲ್ಲಿಯೇ ಕೂತಿದ್ದ, ಪಟ್ಟಿ ಸುತ್ತಿದ ಕೈ ಮೇಜಿನ ಮೇಲಿತ್ತು. ಆರತಿ ಅದನ್ನೇ ನೋಡುತ್ತ ಹೇಳಿದಳು:

"ಅಲ್ಲ. ಬೇಕಂತಲೇ ಎಳೆದೆ. ಎಳೆದರೆ ಎಷ್ಟು ಹರಿಯುತ್ತದೆಂದು ನನಗೆ ಗೊತ್ತಿತ್ತು. ನನ್ನ ಕೈಯೂ ಹರಿಯುತ್ತದೆಂದು ಗೊತ್ತಿತ್ತು."

ಊರ್ಮಿಳಾ ಕಣ್ಣು ಮುಚ್ಚಿಕೊಂಡಳು. ನ್ಯಾಯಾಧೀಶೆ ಕನ್ನಡಕ ತೆಗೆದು, ಆ ಹೊತ್ತಿನಲ್ಲಿ ಅವನ ಇನ್ನೊಂದು ಕೈ ಏನು ಮಾಡುತ್ತಿತ್ತೆಂದು ಕೇಳಿದರು. ಆರತಿ ಹೇಳಿದಳು. ಐದು ವರ್ಷದ ಆದೇಶ ಸಿಕ್ಕಿತು. ತಾಯಿಯ ಕೈ ಮುರಿದ ಪ್ರಕರಣದಲ್ಲಿ ಅವನು ತಪ್ಪೊಪ್ಪಿಕೊಂಡು ಜೈಲಿಗೆ ಹೋದ. ಅವನ ಹೆಬ್ಬೆರಳು ಇನ್ನು ಪೂರ್ತಿ ಮಡಚುವುದಿಲ್ಲವೆಂದು ಡಾಕ್ಟರು ಹೇಳಿದರಂತೆ. ಅದನ್ನು ಕೇಳಿದ ದಿನ ಆರತಿಗೆ ಊಟ ಸೇರಿತು. ಹಾಗೆ ಸೇರಿತೆಂದು ಅರಿವಾದಾಗ ತಟ್ಟೆ ಸರಿಸಿ ಎದ್ದಳು.

ಈರವ್ವ ಊರಿಗೂ ಹೋಗಲಿಲ್ಲ, ಬೇರೆ ಮನೆಗೂ ಹೋಗಲಿಲ್ಲ. ಬೇಸಿಗೆಯ ಒಂದು ಸಂಜೆ, ಕೈಯ ಕಟ್ಟು ಬಿಚ್ಚಿಸಿಕೊಂಡು ಬಂದ ದಿನ, ಸೊಸೆ ರೊಟ್ಟಿ ಮುರಿದು ಪಲ್ಯದಲ್ಲಿ ಅದ್ದಿ ಕೊಡುವಾಗ ಕೇಳಿದರು:

"ನೀ ಬೇಕಂತ ಎಳದದ್ದು ನಾ ನೋಡಿದ್ದೆ. ಪೊಲೀಸರ ಮುಂದ ನಾ ಹೇಳಿದ್ದಿಲ್ಲ. ಕೋರ್ಟಿನ್ಯಾಗ ನೀ ಯಾಕ ಹೇಳಿದಿ?"

"ಸುಳ್ಳ ಹೇಳಿ ಹೇಳಿ ಸಾಕಾಗಿತ್ತರಿ. ಮೆಟ್ಟಲದ ಮ್ಯಾಲಿಂದ ಬಿದ್ದೆ, ಬಾಗಲಾ ಬಡೀತು ಅಂತ."

ಈರವ್ವ ತುತ್ತು ನುಂಗಿ ಹೇಳಿದರು:

"ಅಂವಾ ನನ್ನ ಮಗಾನ. ಐತವಾರ ಜೈಲಿನಿಂದ ಫೋನ್ ಬಂದ್ರ ನಾ ಮಾತಾಡತೇನಿ."

"ಮಾತಾಡ್ರಿ."

"ನೀ ಎದ್ದ ಹೋಗಬ್ಯಾಡ. ನಾ ಏನ್ ಮಾತಾಡತೇನಂತ ನಿನಗ ಗೊತ್ತಿರಲಿ."

ಮೊದಲ ಐತವಾರ ಫೋನು ಬಂದಾಗ ಆರತಿ ಏಳಲಿಲ್ಲ. ಈರವ್ವ ಮಗನ ಆರೋಗ್ಯ ಕೇಳಿದರು, ಉಂಡೆಯಾ ಎಂದು ಕೇಳಿದರು. ಅವನು ಬೇರೆ ಏನನ್ನೋ ಕೇಳಿದಾಗ, "ಆಕಿ ಸುದ್ದಿ ನೀ ಕೇಳಬ್ಯಾಡ" ಎಂದು ಫೋನು ಕೆಳಗಿಟ್ಟು, ಕುಕ್ಕರಿನ ಸೀಟಿ ಎಷ್ಟಾಯಿತೆಂದು ಮೊಮ್ಮಗಳನ್ನು ಕೂಗಿ ಕೇಳಿದರು.