ಮಲಗಿದ ಕಂಬಗಳನ್ನು ನಿಲ್ಲಿಸಿದ ಹುಸೇನಬಿ

ಬ್ಯಾಡಗಿಯಲ್ಲಿ ಬೆಳಗಿನ ಐದೂವರೆ. ಮೆಣಸಿನಕಾಯಿ ಘಾಟಿಗೆ ಹೊಸಬರು ಕೆಮ್ಮಿ ಸುಸ್ತಾಗುವ ಮಾರುಕಟ್ಟೆಯ ಮೂಲೆಯ ಕಚೇರಿಯಲ್ಲಿ ಹುಸೇನಬಿ ಫೋನು ಹಿಡಿದು ಕೂತಿದ್ದಾರೆ. ಒಂಬತ್ತು ಕೋಲ್ಡ್ ಸ್ಟೋರೇಜ್‌ಗಳಿಗೆ ಒಂಬತ್ತು ಫೋನು. ಇವತ್ತು ಎಷ್ಟು ಚೀಲಕ್ಕೆ ಜಾಗವಿದೆ ಎಂಬ ಒಂದೇ ಪ್ರಶ್ನೆ. ಉತ್ತರಗಳನ್ನು ಕಂಪ್ಯೂಟರಿಗೆ ತುಂಬಿ, ಗೋದಾಮಿಗೊಂದರಂತೆ, ಜಾಗ ಹೆಚ್ಚಿದ್ದಷ್ಟೂ ಎತ್ತರವಾಗುವ ಕಂಬಗಳ ಚಿತ್ರ ತೆಗೆದು ಗೋಡೆಗೆ ಅಂಟಿಸುವಷ್ಟರಲ್ಲಿ ಹಮಾಲರು ಬರುತ್ತಾರೆ. ಓದು ಅಷ್ಟಾಗಿ ಬಾರದವರೂ ಎತ್ತರದ ಕಂಬ ಯಾವುದೆಂದು ನೋಡಿ ಬಂಡಿ ತಿರುಗಿಸುತ್ತಾರೆ.

ನಲವತ್ತೊಂದರ ಹುಸೇನಬಿ ಹನ್ನೆರಡು ವರ್ಷ ಇಲ್ಲೇ ಮೆಣಸಿನಕಾಯಿ ತೊಟ್ಟು ಬಿಡಿಸಿದವರು. ಉರಿಯುವ ಕೈಯಲ್ಲಿ ಮಕ್ಕಳ ಮುಖ ತೊಳೆಯಲೂ ಆಗದ ಕೆಲಸ ಅದು. ಸಂಜೆ ಸಂಜೆ ರಾಣೆಬೆನ್ನೂರಿಗೆ ಹೋಗಿ ಕಂಪ್ಯೂಟರ್ ಕಲಿತು ಈ ಕಚೇರಿ ಸೇರಿದರು. ಅಧ್ಯಯನಕ್ಕೆ ಬಂದಿದ್ದ ಶ್ವೇತಾ ಎಂಬ ಕೃಷಿ ವಿದ್ಯಾರ್ಥಿನಿ ‘ಆರ್’ ಎಂಬ ಒಂದಕ್ಷರದ ತಂತ್ರಾಂಶವನ್ನು ಸಿ.ಡಿ.ಯಲ್ಲಿ ಕೊಟ್ಟು, ಚಿತ್ರ ತೆಗೆಯುವುದನ್ನೂ ಹೇಳಿಕೊಟ್ಟು ಹೋದಳು.

ಹೋದ ವರ್ಷ, ೨೦೦೮ರ ಸುಗ್ಗಿಯಲ್ಲಿ, ಅದೇ ತಂತ್ರಾಂಶ ಕೈಕೊಟ್ಟಿತು. ಅಲ್ಲಿಯವರೆಗೆ ಕಂಬದ ಕೆಳಗೆ ಕೋಲ್ಡ್ ಸ್ಟೋರೇಜಿನ ಹೆಸರಿರುತ್ತಿತ್ತು. ಅಂದು ಕಚೇರಿಯವರು ಹೆಸರು ತೆಗೆಸಿ, ಒಂದರಿಂದ ಒಂಬತ್ತರವರೆಗೆ ನಂಬರು ಹಾಕಿಸಿದರು. ಆ ಕಡೆಯೂ ಅಂಕಿ, ಈ ಕಡೆಯೂ ಅಂಕಿ. ಯಾವುದು ಜಾಗ, ಯಾವುದು ಗೋದಾಮು ಎಂದು ತಿಳಿಯದ ಯಂತ್ರ ಕಂಬಗಳನ್ನೆಲ್ಲ ಅಡ್ಡ ಮಲಗಿಸಿಬಿಟ್ಟಿತು. ಎಲ್ಲಕ್ಕಿಂತ ಮೇಲೆ ಒಂಬತ್ತನೇ ಗೋದಾಮಿನ ಕಂಬ. ಗಡಿಬಿಡಿಯಲ್ಲಿ ಹುಸೇನಬಿ ಹಾಗೇ ಅಂಟಿಸಿದರು. ಹಮಾಲ ದಾದಾಪೀರ ನಾಲ್ಕು ಬಂಡಿ ಚೀಲಗಳನ್ನು ಒಂಬತ್ತಕ್ಕೇ ಒಯ್ದರು. ಅಲ್ಲಿ ಕಾಲಿಡಲೂ ಜಾಗವಿರಲಿಲ್ಲ. ಬಾಗಿಲಲ್ಲಿ ಇಳಿಸಿದ್ದನ್ನೆಲ್ಲ ಮತ್ತೆ ಹೇರಿಕೊಂಡು ಬರಬೇಕಾಯಿತು.

“ನಾವು ಚೀಲದ ಮ್ಯಾಲ ಚೀಲ ಒಟ್ಟೋ ಮಂದಿರಿ. ಮ್ಯಾಲ ಇದ್ದದ್ದ ಹೆಚ್ಚು ಅಂತ ತಿಳ್ಕೊಂಡ್ವಿ,” ಎನ್ನುತ್ತಾರೆ ದಾದಾಪೀರ.

ನಾಳೆಯೂ ಹೀಗಾದರೆ ಹಳೆಯ ಸೀಮೆಸುಣ್ಣದ ಹಲಗೆಯೇ ಸಾಕು, ನೀವು ತೊಟ್ಟು ಬಿಡಿಸಲು ಹೋಗಿ ಎಂದು ವ್ಯವಸ್ಥಾಪಕರು ಕಡ್ಡಿ ಮುರಿದಂತೆ ಹೇಳಿದರು. ಹುಸೇನಬಿ ಕಂಪ್ಯೂಟರಿನ ಮುಂದೆ ಊಟ ಬಿಟ್ಟು ಕೂತರು. ಹಾಳೆಯನ್ನೇ ತಿರುಗಿಸಿ ಅಂಟಿಸೋಣವೆಂದರೆ ಅಂಕಿಗಳು ಮಲಗುತ್ತಿದ್ದವು. ಸಂಜೆಯ ಹೊತ್ತಿಗೆ ತಪ್ಪು ಎಲ್ಲಿದೆಯೆಂದು ಹೊಳೆಯಿತು.

“ಒಂಬತ್ತು ಅನ್ನೋದು ಲೆಕ್ಕ ಅಲ್ಲ, ಗೋದಾಮಿನ ಹೆಸರು ಅಂತ ನಾನ ಕಂಪ್ಯೂಟರಿಗೆ ಹೇಳಿರಲಿಲ್ಲರಿ. ಒಂದ ಸಾಲು ಬರದು ಹೇಳಿದೆ. ಎಲ್ಲಾ ಕಂಬ ಎದ್ದು ನಿಂತ್ವು.”

ಕಂಬ ನಿಂತರೂ ನಂಬಿಕೆ ಅಷ್ಟು ಲಗೂ ನಿಲ್ಲಲಿಲ್ಲ. ದಾದಾಪೀರ ಹದಿನೈದು ದಿನ ಹಾಳೆ ನೋಡಿಯೂ ಕಿಟಕಿಗೆ ಬಂದು ಕೇಳಿಯೇ ಹೋಗುತ್ತಿದ್ದರು.

ಇವತ್ತು ಹಮಾಲರು ಗೋಡೆಯ ಮೇಲೆ ಕಣ್ಣಾಡಿಸಿ ಹೊರಟಿದ್ದಾರೆ. ಹುಸೇನಬಿಯನ್ನು ಒಬ್ಬರೂ ಮಾತಾಡಿಸಲಿಲ್ಲ. ಬೇಸರವಾಗುವುದಿಲ್ಲವೇ ಎಂದು ಕೇಳಿದರೆ ಅವರು ನಗುತ್ತಾರೆ.

“ಬ್ಯಾಸರ ಯಾಕ್ರಿ? ನನ್ನ ಕೇಳದ ಹೋಗ್ಯಾರಂದ್ರ, ನನ್ನ ಹಾಳಿ ನಂಬಿ ಹೋಗ್ಯಾರ.”