ಕಂಬದ ಬುಡದ ಹಸಿ ಮಣ್ಣು

ದೊಡ್ಡವ್ವನ ಬಲಗೈ ಹೆಬ್ಬೆರಳಿನ ಉಗುರು ಮಳೆಗಾಲ ಮುಗಿಯುವವರೆಗೂ ಹಸಿರಾಗಿಯೇ ಇರುತ್ತಿತ್ತು. ತೊಗರಿಯ ಕುಡಿ ಚಿವುಟಿದರೆ ಕವಲು ಹೆಚ್ಚು ಒಡೆಯುತ್ತದೆಂದು ಎರಡೆಕರೆಯನ್ನೂ ಒಬ್ಬಳೇ ಚಿವುಟುತ್ತಿದ್ದಳು. ಎಷ್ಟು ತಿಕ್ಕಿ ತೊಳೆದರೂ ಆ ಬಣ್ಣ ಹೋಗುತ್ತಿರಲಿಲ್ಲ. ಅದೇ ಬೆರಳಿನಿಂದ ರೊಟ್ಟಿ ಮುರಿದು, ಮೇಲೆ ಪುಂಡಿಪಲ್ಯ ಹಾಕಿ ನನ್ನ ಕೈಗಿಡುವಳು. "ತಿನ್ನು ಬೇ, ಫೋನ್ ಆಮ್ಯಾಲ ನೋಡಾಕ ಬರ್ತದ" ಎನ್ನುವಳು.

ಆಕೆ ನನಗೆ ರಕ್ತಸಂಬಂಧಿಯಲ್ಲ. ನಾರಾಯಣಖೇಡದಿಂದ ನಾಗಲಗಿದ್ದದ ಕಡೆಗೆ ಹೋಗುವ ದಾರಿಯಲ್ಲಿರುವ ಆ ಊರಿಗೆಲ್ಲ ಆಕೆ ದೊಡ್ಡವ್ವ, ಹೀಗಾಗಿ ನನಗೂ. ನಾನು ಜಹೀರಾಬಾದಿನವಳು. ಡಿಪ್ಲೊಮಾ ಮುಗಿಸಿ, ಹೊಲಗಳಲ್ಲಿ ಸೆನ್ಸರ್ ನಿಲ್ಲಿಸುವ ಒಂದು ಯೋಜನೆಯಲ್ಲಿ ಕೆಲಸಕ್ಕೆ ಸೇರಿದ್ದೆ. ಊರಿಗೊಂದು ಕಂಬ. ಅದರ ತಲೆಯ ಮೇಲಿನ ಪೆಟ್ಟಿಗೆ ನೆಲ ಅಗೆಯದೆ, ಬೇರು ಮುಟ್ಟದೆ, ಕೆಳಗಿನ ಮಣ್ಣಿನ ತೇವವನ್ನು ಮೇಲಿನಿಂದಲೇ ಅಳೆಯುತ್ತಿತ್ತು. ದಿನಕ್ಕೊಂದು ಫೋಟೋ ತೆಗೆದು ಬೆಳೆ ಎಷ್ಟು ಬೆಳೆದಿದೆ ಎಂದೂ ತಿಳಿಸುತ್ತಿತ್ತು. ಅದನ್ನು ನೋಡಿ, ಯಾವಾಗ ನೀರು ಬಿಡಬೇಕೆಂದು ಊರಿನ ರೈತರ ಫೋನಿಗೆ ನಾನು ಸಂದೇಶ ಕಳಿಸಬೇಕು.

ಕಂಬ ನಿಲ್ಲಿಸಲು ಆ ಊರಲ್ಲಿ ಯಾರೂ ಒಪ್ಪಲಿಲ್ಲ. ಸಿಡಿಲು ಸೆಳೆಯುತ್ತದೆ ಎಂದರು ಒಬ್ಬರು, ನಾಳೆ ಹೊಲವೇ ಸರಕಾರದ್ದು ಎನ್ನುತ್ತೀರಿ ಎಂದರು ಇನ್ನೊಬ್ಬರು. ದೊಡ್ಡವ್ವ ಮುಂದೆ ಬಂದು, "ನನ್ನ ಹೊಲದಾಗ ಹುಗೀರಿ. ಹೆಣ್ಣಮಗಳು ಬಿಸಲಾಗ ಎಷ್ಟೊತ್ತು ನಿಂದರಬೇಕು?" ಎಂದಳು. ಯಂತ್ರದ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. ಆಮೇಲೆ ರೊಟ್ಟಿ ಬಡಿಯುತ್ತಾ, ಅದೇನು ಮಾಡ್ತದ ಎಂದು ಕೇಳಿದಳು. ನಾನು ಜಂಬದಿಂದ, "ಇಲ್ಲಿಂದ ಫೋಟೋ ಸೀದಾ ಹೈದರಾಬಾದಿಗಿ ಹೋಗ್ತದ ದೊಡ್ಡವ್ವ. ದೊಡ್ಡ ದೊಡ್ಡ ಸಾಹೇಬ್ರು ನೋಡ್ತಾರ" ಎಂದೆ. ಬುಡದ ಮಣ್ಣಿನ ತೇವ ನೋಡಿಯೇ ಅದು ಊರಿಗೆಲ್ಲ ನೀರಿನ ಲೆಕ್ಕ ಹೇಳುತ್ತದೆ ಎಂಬುದನ್ನು ಬಿಟ್ಟು ಇದೊಂದನ್ನೇ ಹೇಳಿದೆ.

ಊರಿಗೆ ಯಾರಾದರೂ ಬರುತ್ತಾರೆಂದರೆ ಓಣಿ ಗುಡಿಸಲು ಮೊದಲು ಇಳಿಯುವವಳು ದೊಡ್ಡವ್ವ. ಒಮ್ಮೆ ಸೂಜಿ ಹಾಕಲು ಬಂದ ನರ್ಸಮ್ಮನಿಗಾಗಿ ಪಕ್ಕದ ಮನೆಯಿಂದ ಕುರ್ಚಿ, ಎದುರು ಮನೆಯಿಂದ ಕಪ್ಪು-ಬಸಿ ತಂದಿದ್ದಳು. "ಬಂದೋರ ಮುಂದ ಊರ ಇಜ್ಜತ್ ಹೋಗಬಾರ್ದು" ಎಂಬುದು ಆಕೆಯ ಮಾತು. ಈ ಸ್ವಭಾವ ನನಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ತಲೆಗೆ ಏನೂ ಹೊಳೆಯಲಿಲ್ಲ.

ಆ ವರ್ಷ ತೊಗರಿ ಹೂವಿಗೆ ಬಂದಾಗ ಮಳೆ ನಿಂತಿತು. ಆ ಹೊತ್ತಿಗೆ ನೆಲ ಒಣಗಿದರೆ ಹೂ ಉದುರುತ್ತದೆ, ಒಮ್ಮೆ ಸ್ಪ್ರಿಂಕ್ಲರ್ ಹಚ್ಚಿದರೆ ಹೂ ಗಿಡದಲ್ಲೇ ನಿಲ್ಲುತ್ತದೆ. ಆದರೆ ಯಂತ್ರ ತೇವ ಸಾಕಷ್ಟಿದೆ ಎಂದು ತೋರಿಸಿತು. 'ಈಗಲೇ ನೀರು ಬೇಡ' ಎಂದು ಸಂದೇಶ ಕಳಿಸಿದೆ. ಮುಂದಿನ ವಾರವೂ ಅದೇ. ವಾರಕ್ಕೊಮ್ಮೆ ಹೋಗಿ ಕಂಬದ ಸುತ್ತ ಕಣ್ಣಾರೆ ನೋಡಿ ಬರಬೇಕೆಂಬುದು ನನ್ನ ಕೆಲಸದ ನಿಯಮ. ಮೂರು ವಾರದಿಂದ ನಾನು ಹೋಗಿರಲಿಲ್ಲ. ಬಿಸಿಲು, ಕೆಟ್ಟ ರಸ್ತೆ, ಸ್ಕೂಟಿಯ ಟೈರು, ನೆಪಗಳಿಗೇನು ಬರ! ಮನೆಯಲ್ಲಿ ಫ್ಯಾನಿನ ಕೆಳಗೆ ಕೂತು 'ಹೋಗಿ ನೋಡಿದೆ' ಎಂದು ಕಚೇರಿಗೆ ಬರೆದು ಕಳಿಸುತ್ತಿದ್ದೆ.

ಹೂ ಉದುರುತ್ತಿದೆ ಎಂದು ಊರಿನಿಂದ ಫೋನು ಬಂದಾಗ ಎದ್ದುಬಿದ್ದು ಓಡಿದೆ. ಹೊಲದ ನೆಲವೆಲ್ಲ ಬಿರುಕು ಬಿಟ್ಟಿತ್ತು. ಕಂಬದ ಬುಡದಲ್ಲಿ ಮಾತ್ರ ಒಂದು ಮಂಚದಗಲ ಮಣ್ಣು ಹಸಿಯಾಗಿತ್ತು, ಕಳೆ ಒಂದೂ ಇರಲಿಲ್ಲ. ಅಲ್ಲಿನ ನಾಲ್ಕು ಗಿಡ ಮದುವೆಗೆ ಹೊರಟವರಂತೆ ನಳನಳಿಸುತ್ತಿದ್ದವು.

"ದಿನಾ ಎರಡು ಕೊಡ ಹಾಕತೀನಿ" ಎಂದಳು ದೊಡ್ಡವ್ವ, ಹೆಮ್ಮೆಯಿಂದ. "ಸಾಹೇಬ್ರು ನೋಡ್ತಾರಂದಿದ್ದಿ. ಒಣಗಿದ್ದು ತೋರಸಬೇಕೇನು ಅವರಿಗಿ?"

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ನಿನ್ನ ಇಜ್ಜತ್ತಿನ ಸಲುವಾಗಿ ಊರ ಬೆಳಿ ಹೋಗ್ಲಾಕತ್ತದ! ಅದು ಈ ಮಣ್ಣು ನೋಡೇ ಇಡೀ ಊರಿಗಿ ಹೇಳ್ತದ!" ಎಂದು ಕೂಗಿಬಿಟ್ಟೆ. ಆಕೆಯ ಮುಖ ಸಪ್ಪಗಾಯಿತು. ಖಾಲಿ ಕೊಡವನ್ನು ಒಡ್ಡಿನ ಮೇಲೆ ಬೋರಲು ಹಾಕಿದಳು. "ನಡಿ" ಎಂದಳು.

ಹಾಲಿನ ಕೇಂದ್ರದ ಮುಂದೆ ರೈತರು ಕಾಯುತ್ತಿದ್ದರು. ದಾರಿಯಲ್ಲೇ ನಾನೊಂದು ಸುಳ್ಳು ಕಟ್ಟಿಕೊಂಡಿದ್ದೆ, ಯಂತ್ರ ಕೆಟ್ಟಿದೆ ಎಂದು. ದೊಡ್ಡವ್ವನನ್ನು ಉಳಿಸಲು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಉಳಿಸಿಕೊಳ್ಳಬೇಕಾಗಿದ್ದದ್ದು ನನ್ನ ನೌಕರಿಯನ್ನು. ನಾನು ಬಾಯಿ ತೆರೆಯುವ ಮೊದಲೇ ಆಕೆ ಸೆರಗು ತಲೆಗೆಳೆದುಕೊಂಡು ಗಂಡಸರ ನಡುವೆ ಹೋಗಿ ನಿಂತಳು.

"ಯಂತ್ರ ಖರೇನೇ ಹೇಳ್ಯಾದ. ಅದರ ಕೆಳಗ ನೀರು ಸುರದಾಕಿ ನಾ. ಗಲತಿ ನಂದು, ಈ ಹುಡುಗಿದಲ್ಲ. ಬೈಯೋದು ಆಮ್ಯಾಲ ಬೈರಿ, ಮೊದಲ ಹೋಗಿ ನೀರು ಬಿಡ್ರಿ."

ಅವತ್ತೇ ಸ್ಪ್ರಿಂಕ್ಲರುಗಳು ತಿರುಗಿದವು. ತೊಗರಿ ಮತ್ತೊಮ್ಮೆ ಹೂ ಬಿಟ್ಟಿತು. ಬೆಳೆ ತಡವಾಯಿತು, ಇಳುವರಿ ತುಸು ಕಡಿಮೆಯಾಯಿತು, ಆದರೂ ಕೈಬಿಡಲಿಲ್ಲ.

ಅಂದಿನಿಂದ ದೊಡ್ಡವ್ವ ಊರಿನ ಬಾಯಲ್ಲಿ 'ಯಂತ್ರಕ್ಕ ನೀರು ಕುಡಿಸಿದಾಕಿ' ಆದಳು. ಎಲ್ಲರಿಗಿಂತ ಜೋರಾಗಿ ಆಕೆಯೇ ನಗುತ್ತಿದ್ದಳು. ನಾನು ಒಂದು ವಾರವೂ ತಪ್ಪಿಸದೆ ಹೋಗತೊಡಗಿದೆ. ಕಂಬದ ಬುಡಕ್ಕೆ ಯಾರಾದರೂ ಮೇಕೆ ಬಿಟ್ಟರೆ, "ಹೊಡೀರಿ ಆ ಕಡಿ! ಅದಕ್ಕ ಇದ್ದದ್ದು ಇದ್ದಂಗ ನೋಡಾಕ ಬಿಡ್ರಿ!" ಎಂದು ಆಕೆ ಒದರುವುದು ರಸ್ತೆಗೇ ಕೇಳುತ್ತಿತ್ತು. ಆ ದನಿ ಕೇಳಿದರೆ ನನ್ನ ಸ್ಕೂಟಿ ತಾನಾಗಿಯೇ ಆಕೆಯ ಮನೆ ಕಡೆ ತಿರುಗುವುದು. ಎಷ್ಟು ರೊಟ್ಟಿ ತಿಂದೆನೋ ಅಲ್ಲಿ!

ಹೋದ ಚಳಿಗಾಲದಲ್ಲಿ ಮೂರು ದಿನದ ಜ್ವರಕ್ಕೆ ದೊಡ್ಡವ್ವ ಶಿವನ ಪಾದ ಸೇರಿದಳು. ಮಣ್ಣಾದ ಮೂರನೆಯ ದಿನ ನಾವೆಲ್ಲ ಅಂಗಳದಲ್ಲಿ ಕೂತಿದ್ದೆವು. ತಾಂಡೂರಿನಿಂದ ಬಂದ ನೆಂಟರಿಗೆ ಯಾರೋ ಅದೇ ಕಥೆ ಹೇಳಿದರು, ಎರಡು ಕೊಡ ನೀರು, ಸಾಹೇಬರು, ಇಜ್ಜತ್ತು. ಅಳುತ್ತಿದ್ದವರೂ ನಕ್ಕರು. ನನಗೆ ನಗು ಬರಲಿಲ್ಲ. ಎದ್ದು ನಿಂತೆ.

"ಗಲತಿ ಆಕಿದಲ್ರಿ, ನಂದು. ವಾರವಾರ ಬಂದು ನೋಡಬೇಕಿತ್ತು. ಮೂರು ವಾರ ನಾ ಬಂದೇ ಇದ್ದಿಲ್ಲ."

ಹಾಲಿನ ಕೇಂದ್ರದ ಕಾಕಾ ನನ್ನ ಕಡೆ ನೋಡಿ, "ಕೂಡು ಬೇ" ಎಂದರು. "ನೀ ಬಂದಿದ್ದಿಲ್ಲಂತ ಊರಿಗೆಲ್ಲಾ ಗೊತ್ತದ. ಅವತ್ತು ಸಂಜಿಗಿ ಆಕಿನೇ ಮನಿಮನಿಗಿ ಬಂದು, ಹುಡುಗಿ ನೌಕರಿ ಹೋಗ್ತದ, ಯಾರೂ ಬಾಯಿ ಬಿಡಬ್ಯಾಡ್ರಿ ಅಂತ ಕೈ ಮುಗದು ಹೋಗ್ಯಾಳ."

ಮೂರು ದಿನ ತಡೆದಿದ್ದ ಅಳು ಅಷ್ಟು ಮಂದಿಯ ಮುಂದೆ ಒತ್ತರಿಸಿ ಬಂತು.